ನೆರಳು ಬೇಡಿದ ಮದ್ದು

ಬಹಳ ಹಿಂದೆ, ಗಿಡಬಳ್ಳಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳುಕೆರೆ ಎಂಬ ರಾಜ್ಯದಲ್ಲಿ ಕಾಟಯ್ಯ ಎಂಬುವನಿದ್ದ. ಅರಸ ಮಾರಭೂಪನ ಎಲೆಗೆ ಬೀಳುವುದನ್ನೆಲ್ಲ ಮೊದಲು ತಾನು ತಿಂದು ನೋಡುವುದು ಅವನ ಕೆಲಸ. ಒಂದು ತುತ್ತು ತಿನ್ನಬೇಕು, ನೀರಿನ ಮೇಲೆ ತೇಲಿಬಿಟ್ಟ ತೂತಿನ ಗಳಿಗೆ ಬಟ್ಟಲು ತುಂಬಿ ಮುಳುಗುವ ತನಕ ಕಾಯಬೇಕು, ಜೀವ ಉಳಿದಿದ್ದರೆ "ಸೈ" ಅನ್ನಬೇಕು. ಅನುಮಾನ ಬಂದರೆ, ತಂದವರಿಗೇ ಮೊದಲು ತಿನ್ನಿಸುವ ಹಕ್ಕೂ ಅವನಿಗಿತ್ತು. ಅಡುಗೆಯವರ ಮನಸ್ಸು ನೋಯುತ್ತದೆಂದು ಅದನ್ನವನು ಒಮ್ಮೆಯೂ ಚಲಾಯಿಸಿರಲಿಲ್ಲ.

ಇಂಥ ಕೆಲಸದವನಿಗೆ ಯಾರ ಮೇಲೆ ತಾನೇ ನಂಬಿಕೆ ಇದ್ದೀತು? ಮನೆಯಲ್ಲಿ ಹೆಂಡತಿ ದುಗ್ಗವ್ವ ಬಡಿಸಿದ ಸಾರನ್ನೂ ಮೂಸಿಯೇ ಉಣ್ಣುತ್ತಿದ್ದ. "ಕಟ್ಟಿಕೊಂಡವಳ ಮೇಲೂ ಅನುಮಾನವಾ? ನಿಮ್ಮ ಮೂಗಿಗಿಷ್ಟು ಬೆಂಕಿ ಹಾಕ!" ಎಂದು ಅವಳು ಸೌಟು ಕುಕ್ಕುತ್ತಿದ್ದಳು.

ಒಂದು ವರ್ಷ ಆ ರಾಜ್ಯಕ್ಕೆ ಸೀನುಜ್ವರ ಬಂತು. ಒಬ್ಬ ಸೀನಿದರೆ ಓಣಿಯೆಲ್ಲ ಸೀನಿತು. ಅರಮನೆಯ ಆನೆ ಸೀನಿದ ಹೊಡೆತಕ್ಕೆ ಲಾಯದ ಸೂರೇ ಹಾರಿಹೋಯಿತು. ಹೆಚ್ಚಿನವರು ವಾರದೊಳಗೆ ಎದ್ದು ಓಡಾಡಿದರು, ಕೆಲವರು ಏಳಲೇ ಇಲ್ಲ.

ಜ್ವರದ ಬೆನ್ನಿಗೇ ಜಟಂಗನೆಂಬ ಮಾಂತ್ರಿಕ ಕತ್ತೆಯೇರಿ ಬಂದ. ಅವನ ಕೈಯಲ್ಲಿ ಥಳಥಳ ಹೊಳೆಯುವ ಹೊನ್ನಬಳ್ಳಿ, ಹೆಗಲಲ್ಲಿ ಖಾಲಿ ಜೋಳಿಗೆ. "ಇದರ ರಸ ಕುಡಿದವರಿಗೆ ಜ್ವರ ಬಿಡುತ್ತದೆ. ನನಗೆ ಹಣ ಬೇಡ, ಕಾಸು ಬೇಡ. ಕುಡಿದವರ ನೆರಳು ಕೊಟ್ಟರೆ ಸಾಕು. ಅದರಿಂದ ನಿಮಗೇನು ಉಪಯೋಗ?" ಅಂದ.

ಪುಕ್ಕಟೆ ಎಂದ ಕೂಡಲೇ ಕಾಟಯ್ಯನ ಮೂಗು ಅನುಮಾನದಿಂದ ಅರಳಿತು. ಆದರೂ ತಿಂದು ನೋಡೆಂದು ಅರಸನ ಅಪ್ಪಣೆ. ಒಂದು ತೊಟ್ಟು ನಾಲಿಗೆಗಿಟ್ಟು, ಬಟ್ಟಲು ಮುಳುಗುವ ತನಕ ಕಾದು, "ಸೈ" ಅಂದ. ನೆಲ ನೋಡಿದರೆ ಅವನ ನೆರಳಿಗೆ ಕಿರುಬೆರಳು ಇರಲಿಲ್ಲ.

ಅಷ್ಟರಲ್ಲಿ ಡಂಗುರ ಹೊರಟಾಗಿತ್ತು: "ಕಾಟಯ್ಯನೇ ಸೈ ಅಂದಿದ್ದಾನೆ!" ಜನ ಸಾಲುಗಟ್ಟಿ ಕುಡಿದರು. ನೆರಳುಗಳೆಲ್ಲ ಜೋಳಿಗೆ ಸೇರಿದವು. ನೆರಳು ಕೊಟ್ಟವರು ಜಟಂಗ ಕೂರಿ ಅಂದರೆ ಕೂತರು, ನಿಲ್ಲಿ ಅಂದರೆ ನಿಂತರು. ಒಂದು ದಿನ ಅವನು ಜೋಳಿಗೆಯನ್ನು ಕತ್ತೆಯ ಬೆನ್ನಿಗೆ ಹಾಕಿದ. ಕತ್ತೆ ಕೆರೆಯತ್ತ ತಿರುಗಿತು, ಅರ್ಧ ಊರು ಕೆರೆಯತ್ತ ತಿರುಗಿತು. ಕಾಟಯ್ಯ ಅದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡ.

ಆಮೇಲೆ ಜ್ವರ ಅವನ ಮನೆಗೇ ಬಂತು. ಒಬ್ಬಳೇ ಮಗಳು ಸಿರಿ ಹಾಸಿಗೆ ಹಿಡಿದಳು.

"ಊರಿಗೆಲ್ಲ ಸೈ ಅಂದಿರಲ್ಲ, ಆ ರಸ ತನ್ನಿ!" ಎಂದು ದುಗ್ಗವ್ವ ಅತ್ತಳು.

"ಅದು ವಿಷ ಅಲ್ಲ ಅಂದೆ ಕಣೇ. ಮದ್ದು ಅಂತ ಯಾವಾಗ ಅಂದೆ? ನನಗೆ ಜ್ವರವೇ ಇರಲಿಲ್ಲ!" ಬಾಯಿಂದ ಮಾತು ಬಿದ್ದ ಮೇಲೆಯೇ ಕಾಟಯ್ಯನಿಗೆ ತನ್ನ ತಪ್ಪು ಹೊಳೆಯಿತು. ಊರಿಗೆ ಊರೇ ಅವನ ಸೈಯನ್ನು ನಂಬಿ ನೆರಳು ಕಳೆದುಕೊಂಡಿತ್ತು. ಕುಡಿಯದವರೂ ವಾರದಲ್ಲೇ ಎದ್ದಿದ್ದರಲ್ಲ!

"ಮಗಳಿಗೆ ಏನಾದರೂ ಆದರೆ ನಿಮ್ಮ ಅನುಮಾನ ಅವಳನ್ನು ತಂದುಕೊಡುತ್ತದಾ?"

ಕಾಟಯ್ಯ ಮೊದಲು ಮೊಟ್ಟೆಯ ಮೇಲೆ ಪರೀಕ್ಷಿಸೋಣವೆಂದು ಕಾವಿಗೆ ಕೂತ ಕೋಳಿಯ ಬುಟ್ಟಿಯನ್ನೇ ಎತ್ತಿಕೊಂಡು ಬಂದ. ಒಂದು ಮೊಟ್ಟೆಯ ಮೇಲೆ ಸಿರಿಯಿಂದ ಸೀನಿಸಿ ಬಾವಿನೀರು ಚಿಮುಕಿಸಿದ. ಮೊಟ್ಟೆ ಗಡಗಡ ನಡುಗಿ, ಬಟ್ಟಲು ಮುಳುಗುವುದರೊಳಗೆ ತಣ್ಣಗಾಯಿತು. ಜ್ವರ ಹೀಗೆ ಕೊಲ್ಲುತ್ತದೆ ಎಂದು ತಿಳಿಯಿತು. ಇನ್ನು ಗಿಡಗಳನ್ನು ಕೇಳಬೇಕು.

ಜಟಂಗ ಊರಬೇಲಿಗೆ ಹಬ್ಬಿಸಿದ್ದ ಹೊನ್ನಬಳ್ಳಿಯನ್ನು ಕೇಳಿದ: "ನೀನು ಮದ್ದೋ?"

"ನಾನಲ್ಲದೆ ಇನ್ಯಾರು?" ಎಂದು ಬಳ್ಳಿ ಹೊಳೆಯಿತು. ಸೀನಿಸಿದ ಮೊಟ್ಟೆಗೆ ಅದರ ರಸ ಸವರಿದ. ನಡುಗಿತು, ತಣ್ಣಗಾಯಿತು. ಬಾವಿನೀರಿಗೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಅರಸನ ತೋಟದ ಹಾಡುವ ಹೂವನ್ನು ಕೇಳಿದ: "ನೀನು ಮದ್ದೋ?"

"ನಾನೇ, ನಾನೇ!" ಎಂದು ಹೂವು ರಾಗ ತೆಗೆಯಿತು. ರಸ ಸವರಿದೊಡನೆ ನಡುಕ ನಿಂತಿತು. ದುಗ್ಗವ್ವ ಕೈ ಮುಗಿದಳು. ಕಾಟಯ್ಯನಿಗೆ ಮಾತ್ರ ಸಮಾಧಾನವಿಲ್ಲ. ಸೀನು ತಾಗದ ಇನ್ನೊಂದು ಮೊಟ್ಟೆಗೂ ಅದೇ ರಸ ಸವರಿದ. ಎರಡೂ ತಣ್ಣಗಾದವು, ಒಳಗಿನ ಮರಿಗಳು ಸತ್ತಿದ್ದವು. ಹೂವು ಜ್ವರವನ್ನು ಕೊಲ್ಲುತ್ತಿತ್ತು, ಜೀವವನ್ನೂ ಕೊಲ್ಲುತ್ತಿತ್ತು.

ಸಿರಿಯ ಉಸಿರು ಗೊರಗೊರ ಅನ್ನತೊಡಗಿತು. ಅರಸನಿಗೂ ಜ್ವರ ಬಂದ ಸುದ್ದಿ ಬಂತು. ನಾಳೆ ಬೆಳಿಗ್ಗೆ ಅವನು ರಸ ಕುಡಿಯುತ್ತಾನಂತೆ. ಅರಸನ ನೆರಳು ಹೋದರೆ ರಾಜ್ಯವೇ ಹೋದಂತೆ.

ಕಾಟಯ್ಯ ತಲೆ ಹಿಡಿದು ಕೂತ. ಜೀವಮಾನವೆಲ್ಲ ಬೇರೆಯವರ ಬಾಯಿ ನೋಡಿದವನು ಅವನು. ಜಟಂಗನ ಬಾಯಿ ನೆನಪಾಯಿತು. ರೋಗಿಗಳ ನಡುವೆ ಓಡಾಡಿಯೂ ಆ ಮನುಷ್ಯ ಒಂದು ಸಲವೂ ಸೀನಿರಲಿಲ್ಲ. ತನ್ನ ರಸವನ್ನು ತಾನು ಮುಟ್ಟಿರಲಿಲ್ಲ. ರೋಗಿಯ ಮನೆ ಹೊಗುವ ಮೊದಲು ಮಾತ್ರ ಗೋಡೆ ಬದಿಯ ಬೂದುಸೊಪ್ಪನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದೇ ಸೊಪ್ಪನ್ನು "ಕಳೆ, ಜ್ವರ ಅಲ್ಲೇ ಅಡಗುವುದು" ಎಂದು ಊರೆಲ್ಲ ಕೀಳಿಸುತ್ತಿದ್ದ!

ಕಾಟಯ್ಯ ಹಟ್ಟಿಯ ಹಿಂದೆ ಓಡಿದ. ಒಂದೇ ಒಂದು ಗಿಡ ಉಳಿದಿತ್ತು. "ನೀನು ಮದ್ದೋ?"

"ಗೊತ್ತಿಲ್ಲಪ್ಪ," ಅಂದಿತು ಬೂದುಸೊಪ್ಪು. "ಇದುವರೆಗೆ ಯಾರೂ ಕೇಳಿರಲಿಲ್ಲ."

ಕಳ್ಳ ತಿಂದ ಮಾತ್ರಕ್ಕೆ ನಂಬುವುದುಂಟೇ? ಸೀನಿಸಿದ ಮೊಟ್ಟೆಗೂ ಸೀನಿಸದ ಮೊಟ್ಟೆಗೂ ರಸ ಸವರಿದ. ನಡುಕ ನಿಂತಿತು, ಬಿಸಿ ಹಾಗೇ ಉಳಿಯಿತು. ಬಟ್ಟಲು ಮುಳುಗುವ ಹೊತ್ತಿಗೆ ಎರಡೂ ಬಿರಿದು ಎರಡು ಮರಿಗಳು ಚಿಂವ್ ಅಂದವು. ಕಾಟಯ್ಯ ಮೊದಲು ತಾನು ನುಂಗಿ, ಕಾದು, ಆಮೇಲೆ ಮಗಳಿಗೆ ಕುಡಿಸಿದ. ಬೆಳಗಾಗುವಾಗ ಸಿರಿಯ ಹಣೆ ತಣ್ಣಗಿತ್ತು. "ಅವ್ವಾ, ಹಸಿವು," ಅಂದಳು. ಕಾಟಯ್ಯ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಅತ್ತು ಮುಗಿಸಿ ಅರಮನೆಗೆ ಓಡಿದ. ಅರಸ ರಸದ ಬಟ್ಟಲನ್ನು ತುಟಿಗೆ ತಂದಿದ್ದ, ಪಕ್ಕದಲ್ಲಿ ಜಟಂಗ ಜೋಳಿಗೆ ಹೊತ್ತು ನಿಂತಿದ್ದ.

"ತಡೀರಿ ಮಹಾಪ್ರಭು! ನನಗೆ ಅನುಮಾನ ಬಂದಿದೆ. ತಂದವನೇ ಮೊದಲು ಕುಡಿಯಲಿ. ಇದು ಅರಮನೆಯ ಪದ್ಧತಿ."

"ನನಗೆ ಜ್ವರವಿಲ್ಲವಲ್ಲ!" ಜಟಂಗ ಬೆವರಿದ.

"ನಾನು ಸೈ ಅಂದಾಗ ನನಗೂ ಇರಲಿಲ್ಲ ಸ್ವಾಮಿ. ಕುಡೀರಿ. ಜೋಳಿಗೆ ಭಾರ, ಇತ್ತ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ."

ಅರಸ ಹುಬ್ಬು ಗಂಟಿಕ್ಕಿದ. ಭಟರು ಈಟಿ ಎತ್ತಿದರು. ಜಟಂಗ ಜೋಳಿಗೆ ಕೊಟ್ಟು ಕುಡಿದ. ಅವನ ನೆರಳು ಕಾಲಡಿಯಿಂದ ಕಳಚಿಕೊಂಡು ಕಾಟಯ್ಯನ ಹೆಗಲ ಜೋಳಿಗೆಗೆ ಬಂದು ಬಿತ್ತು.

"ನೆರಳು ಬಿಡಿಸುವ ಮಂತ್ರ ಹೇಳು," ಅಂದ ಕಾಟಯ್ಯ. ಜೋಳಿಗೆ ಹಿಡಿದವನ ಮಾತು ಮೀರಲಾಗದೆ ಜಟಂಗ ಹೇಳಿದ. ನೆರಳುಗಳೆಲ್ಲ ಹಕ್ಕಿಗಳ ಹಾಗೆ ಹಾರಿ ತಂತಮ್ಮ ಕಾಲಡಿ ಸೇರಿದವು, ಒಂದು ಕಿರುಬೆರಳೂ ಸೇರಿತು. ಕೊನೆಯ ನೆರಳು ಹೊರಡುವ ಮೊದಲೇ ಕಾಟಯ್ಯ ಬಾಯಿ ಬಿಗಿದ, ಜೋಳಿಗೆಯಲ್ಲಿ ಉಳಿದದ್ದು ಜಟಂಗನ ನೆರಳೊಂದೇ. ಕಾಟಯ್ಯ ಆ ಜೋಳಿಗೆಯನ್ನು ಕತ್ತೆಯ ಬೆನ್ನಿಗೆ ಕಟ್ಟಿ ಊರಾಚೆ ಅಟ್ಟಿದ. ಕತ್ತೆ ಹೋದತ್ತ ಜಟಂಗ ಹೋದ, ಇಂದಿಗೂ ಹೋಗುತ್ತಲೇ ಇದ್ದಾನೆ.

ಬೂದುಸೊಪ್ಪು ಮನೆಮನೆಯ ಗೋಡೆಗೂ ಹಬ್ಬಿತು. ಅರಸನೂ ಎದ್ದ, ಆನೆಯೂ ಎದ್ದಿತು, ಏಳುಕೆರೆಯ ಜನ ತಮ್ಮ ನೆರಳಿನ ಜೊತೆ ನೆಮ್ಮದಿಯಾಗಿ ಬಾಳಿದರು. ಆ ದಿನ ಕಾಟಯ್ಯ ಮನೆಗೆ ಬಂದು ಹಸಿದ ಹೊಟ್ಟೆಯಲ್ಲಿ ಗಬಗಬ ಉಣ್ಣಲು ಕೈ ಹಾಕಿದಾಗ ದುಗ್ಗವ್ವ ಅವನ ಕೈ ಹಿಡಿದಳು.

"ಮೊದಲು ಮೂಸಿ ನೋಡಿ," ಅಂದಳು. ಪಕ್ಕದಲ್ಲಿ ಸಿರಿ ಆಗಲೇ ತನ್ನ ಗಂಜಿಯನ್ನು ಮೂಸುತ್ತಿದ್ದಳು.