ಕೊನೆಯ ಸವಾರನ ಫೋಟೋ

"ಏಯ್, ಪಕ್ಕಕ್ಕೆ ಹೋಗು!"

ಕೂಗು ಕಿವಿಗೆ ಬೀಳುವಷ್ಟರಲ್ಲಿ ಸೈಕಲ್ಲು ಮುನೆಜೆರೊಳ ತೋಳು ಸವರಿಕೊಂಡೇ ಹೋಗಿತ್ತು. ಕ್ಯಾಮೆರಾದಲ್ಲಿ ಎಷ್ಟೋ ದೂರ ಕಂಡ ಸವಾರ, ಅದರಿಂದ ಕಣ್ಣು ತೆಗೆದರೆ ಮೂಗಿನ ಮುಂದೆಯೇ ಇದ್ದ!

ಅಂದು ಬರೀ ಅಭ್ಯಾಸದ ಓಟ. ಅವನು ತಿರುಗಿ ಬಂದ.

"ಫೋಟೋಗೋಸ್ಕರ ಪ್ರಾಣ ಕೊಡ್ತೀಯಾ?"

"ಇವತ್ತೇ ಮೊದಲ ಸಲ... ನಿನ್ನ ಫೋಟೋ ಕೆಟ್ಟೋಯ್ತು."

"ಪ್ರಾಣ ಉಳೀತಲ್ಲ, ಇನ್ನೊಂದು ತೆಗಿ!" ಅವನು ನಕ್ಕ.

ಆ ನಗು ಅವಳ ಎದೆಯಲ್ಲೇ ಉಳಿದುಬಿಟ್ಟಿತು.

ಅವನ ಹೆಸರು ಗತೇತೆ. ತಂಡದ ನಾಯಕನಿಗೆ ನೀರು ಹೊತ್ತು ತಂದುಕೊಟ್ಟು, ಅವನ ಮುಂದೆ ಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿಯುವುದು ಇವನ ಕೆಲಸ. ಮುನೆಜೆರೊ ಮುಸಾಂಜೆ ಎಂಬ ಊರಿನ ಪೇಟೆಯ ಗಸಾನಾ ತಾತನ ಫೋಟೋ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗತೇತೆ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಬರುತ್ತಿದ್ದ.

ದೊಡ್ಡ ಓಟದ ಹಿಂದಿನ ದಿನ ಬಾಗಿಲಲ್ಲೇ ನಿಂತು ಹೇಳಿದ: "ನಾಳೆ ನನ್ನ ಫೋಟೋ ತೆಗೆದು ಈ ಗೋಡೆಗೆ ಹಾಕು. ಅದು ಕಂಡ್ರೆ ನಿನಗೆ ಒಪ್ಪಿಗೆ ಅಂದ್ಕೋತೀನಿ. ನಮ್ಮ ದೊಡ್ಡವರು ಹೆಣ್ಣಿಗೆ ಕೊಡೋ ಹಸುವಿನ ಮಾತಾಡೋಕೆ ನಿಮ್ಮನೆಗೆ ಬರ್ತಾರೆ..."

ಮದುವೆಯ ಮಾತು! ಅವಳು ಅಂದು ರಾತ್ರಿಯೇ ಕ್ಯಾಮೆರಾ ಒರೆಸಿಟ್ಟಳು.

ಮರುದಿನ ಬುರಂಗಾ ಗುಡ್ಡದ ಏರಿನ ತಿರುವಿನಲ್ಲಿ ನಿಂತಳು. ಮೊದಲ ಗುಂಪು ಜೇನುಹಿಂಡಿನಂತೆ ಬಂತು, ಹೋಯಿತು. ಅದರಲ್ಲಿ ಅವನಿರಲಿಲ್ಲ. ಜನ ಚೆದುರಿದರು. ಅವಳೂ ಹೊರಟಳು.

ಸಂಜೆ ತಾತ ಗೆದ್ದವನ ಫೋಟೋವನ್ನು ಗೋಡೆಗೆ ತೂಗುಹಾಕುತ್ತಿದ್ದಾಗ ಗತೇತೆ ಬಾಗಿಲಿಗೆ ಬಂದ. ಗೋಡೆ ನೋಡಿದ. ತನ್ನ ಫೋಟೋ ಅಲ್ಲಿರಲಿಲ್ಲ; ಹಾಗೇ ತಿರುಗಿ ಹೊರಟುಹೋದ.

"ಅವನೇ ಬೇಕಂತ ಕ್ಯಾಮೆರಾ ತಪ್ಪಿಸ್ಕೊಂಡ ತಾತ, ಗುಂಪಲ್ಲಿ ಇರ್ಲೇ ಇಲ್ಲ!" ಮುನೆಜೆರೊ ಅತ್ತಳು.

"ಮೊದಲ ಗುಂಪು ಹೋದ್ಮೇಲೆ ಎಷ್ಟೊತ್ತು ನಿಂತಿದ್ದೆ?"

"ಎಲ್ರೂ ಹೊರಟ್ರು... ನಾನೂ ಹೊರಟೆ."

ತಾತ ಹಣೆ ಚಚ್ಚಿಕೊಂಡ. "ಅಯ್ಯೋ ಹುಚ್ಚಿ! ಶಕ್ತಿಯೆಲ್ಲ ಕೆಳಗೇ ನಾಯಕನಿಗೆ ಕೊಟ್ಟೋನು ಏರಿನಲ್ಲಿ ಹಿಂದೆ ಬೀಳದೆ ಇನ್ನೇನು? ಸೋತು ಕೂತೋರನ್ನ ಹತ್ತಿಸ್ಕೊಂಡು ಬರುತ್ತಲ್ಲ, ಆ ಕಡೇ ಗಾಡಿ... ಅದು ದಾಟೋವರೆಗೂ ಫೋಟೋದವರು ಜಾಗ ಬಿಡಬಾರದು!"

ಅವಳು ಅವನ ಮನೆಗೆ ಓಡಿದಳು. ಅಷ್ಟರಲ್ಲಿ ಗತೇತೆ ತಂಡದ ಜೊತೆ ಅಭ್ಯಾಸಕ್ಕೆ ಬೇರೆ ಊರಿಗೆ ಹೊರಟುಬಿಟ್ಟಿದ್ದ. ಫೋನು ಎತ್ತಲಿಲ್ಲ.

ಒಂದು ವರ್ಷ!

ಆ ವರ್ಷವಿಡೀ ತಾತ ಕಲಿಸಿದ. "ಸೊಂಟದಿಂದ ತಿರುಗು. ಸವಾರನ ಜೊತೆಗೇ ಕ್ಯಾಮೆರಾ ಹೋಗ್ಲಿ. ಗುಂಡಿ ಒತ್ತಿದ ಮೇಲೂ ನಿಲ್ಲಿಸ್ಬೇಡ. ಹಿಂದಿನದೆಲ್ಲ ಕರಗುತ್ತೆ, ಮುಖ ಮಾತ್ರ ನಿಲ್ಲುತ್ತೆ."

ಆಲೂಗಡ್ಡೆ ಮೂಟೆ ಹೇರಿಕೊಂಡು ಹೋಗುವ ಸೈಕಲ್ಲುಗಳ ಮೇಲೆ ಅಭ್ಯಾಸ ಮಾಡಿದಳು. ಊರಿನವರೆಲ್ಲ ಅವಳ ಕ್ಯಾಮೆರಾದ ಮುಂದೆ ಹಾದುಹೋದರು. ಅವನೊಬ್ಬನೇ ಬರಲಿಲ್ಲ...

ಮತ್ತೆ ಓಟದ ದಿನ. ಮತ್ತೆ ಅದೇ ತಿರುವು.

ಮೊದಲ ಗುಂಪು ಹೋಯಿತು. ಎರಡನೆಯದೂ ಹೋಯಿತು. ಹೆಂಗಸರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಮನೆಯತ್ತ ನಡೆದರು. ನೀಲಗಿರಿ ಮರದ ನೆರಳು ರಸ್ತೆ ದಾಟಿತು.

'ಓಟಕ್ಕೇ ಬಂದಿಲ್ಲವೇನೋ...' ಆದರೂ ಜಾಗ ಬಿಡಲಿಲ್ಲ.

ಆಗ ಕೆಳಗೆ ಒಂಟಿ ಸೈಕಲ್ಲು ಕಂಡಿತು. ಅದರ ಹಿಂದೆಯೇ ಕಡೆಯ ಗಾಡಿ.

ಗತೇತೆ!

ಕ್ಯಾಮೆರಾ ಎತ್ತಿದಳು. ಸೊಂಟದಿಂದ ತಿರುಗಿದಳು, ಗುಂಡಿ ಒತ್ತಿದಳು, ಒತ್ತಿದ ಮೇಲೂ ತಿರುಗುತ್ತಲೇ ಇದ್ದಳು...

ಅವನು ತಲೆ ಎತ್ತಿದ. "ಎಲ್ರೂ ಹೋದ್ರಲ್ಲ... ನೀನ್ಯಾಕೆ ಇನ್ನೂ?"

ಅವಳು ರಸ್ತೆಯಂಚಿನಲ್ಲಿ ಅವನ ಪಕ್ಕದಲ್ಲೇ ಓಡಿದಳು. "ಹೋದ ವರ್ಷ ಓಟ ಮುಗೀತು ಅಂದ್ಕೊಂಡೆ ಕಣೋ! ನೀನಿನ್ನೂ ಹತ್ತುತ್ತಾ ಇದ್ದೆ ಅಂತ ನಂಗೆ ಗೊತ್ತಾಗ್ಲಿಲ್ಲ..."

ಅವನ ಕಣ್ಣು ತುಂಬಿತು. "ಈ ಸಲ ಗೋಡೆ ಮೇಲೆ ಯಾರು?"

"ಪೂರ್ತಿ ಖಾಲಿ ಮಾಡಿಟ್ಟು ಬಂದಿದ್ದೀನಿ."

ಗಾಡಿಯವನು ಕಿಟಕಿಯಿಂದ ಗದರಿದ: "ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ತುಳಿಯಪ್ಪಾ!"

ಗತೇತೆ ಪೆಡಲ್ ಮೇಲೆ ಎದ್ದು ನಿಂತ. ಹತ್ತು ಮಾರು ಹೋದವನು ಕುತ್ತಿಗೆ ತಿರುಗಿಸಿ ಕೂಗಿದ: "ನಿಮ್ಮಮ್ಮಂಗೆ ಹೇಳು, ಹಸು ಕಟ್ಟೋಕೆ ಜಾಗ ಮಾಡ್ಲಿ!"

"ಮೊದಲು ಮುಂದೆ ನೋಡ್ಕೊಂಡು ಗುಡ್ಡ ಹತ್ತೋ!" ಅಳುತ್ತಲೇ ನಕ್ಕಳು ಮುನೆಜೆರೊ. "ಎಷ್ಟೊತ್ತಾದ್ರೂ ಆಗ್ಲಿ... ನೀನು ವಾಪಸ್ ಬರೋವರೆಗೂ ನಾನು ಇಲ್ಲೇ ಇರ್ತೀನಿ."