ಸೊನ್ನೆಗೆ ಮರಳುವ ಲೆಕ್ಕ

ಕತ್ತಲಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಇದು ನಡೆದದ್ದು ಮಟಮಟ ಮಧ್ಯಾಹ್ನ.

ನಾನೂ ಅಕ್ಕನೂ ಒಂದೇ ಸೂಪರ್‌ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕಿದ್ದೆವು. ಕ್ವಾಂಟಂ ಸರ್ಕ್ಯೂಟುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಅದರಲ್ಲಿ ಲೆಕ್ಕ ಹಾಕಿ ನೋಡುವುದು ನಮ್ಮ ಕೆಲಸ. ಅಕ್ಕ ಪ್ರತಿಯೊಂದು ಸರ್ಕ್ಯೂಟನ್ನೂ ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ ಓಡಿಸುತ್ತಿದ್ದಳು. ಸೊನ್ನೆಯಿಂದ ಹೊರಟದ್ದೆಲ್ಲ ಕೊನೆಗೆ ಸೊನ್ನೆಗೇ ಮರಳಿದರೆ ಲೆಕ್ಕ ಸರಿ.

“ಹೋಗಿದ್ದು ಮನೆಗೆ ವಾಪಸ್ ಬರ್ಬೇಕು ಕಣೋ, ಆಮೇಲೆ ನಂಬು,” ಅನ್ನುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಒಂದು ದಿನ, ಅವಸರದಲ್ಲಿ ಬರೀ ಮುಂದಕ್ಕೆ ಓಡಿಸಿದೆ. ಲೆಕ್ಕ ಮುಗಿದರೂ ಫ್ಯಾನುಗಳು ಸುಮ್ಮನಾಗಲಿಲ್ಲ. ಆಗಷ್ಟೇ ಏರಿಳಿದಿದ್ದ ಸದ್ದು ಕೊನೆಯಿಂದ ಮೊದಲಿಗೆ ಮತ್ತೆ ಕೇಳಿತು. ಯಂತ್ರ ಕಾಯದಿರಲೆಂದು ಸದಾ ತಣ್ಣಗಿಡುವ ಆ ಕೋಣೆಯ ಹಲ್ಲು ಕಟಕಟಿಸುವ ಚಳಿಯಲ್ಲಿ, ಅಕ್ಕ ಕೂರುತ್ತಿದ್ದ ಮೂಲೆಯಿಂದ ಬೆಚ್ಚನೆಯ ಗಾಳಿ ಬಂತು.

“ಹಿಂದಕ್ಕೆ ಓಡಿಸಿದ್ಯಾ?” ಪಕ್ಕದ ಮೇಜಿನ ಗೆಳೆಯ ಕೇಳಿದ.

“ಇಲ್ವಲ್ಲೋ.”

ತೆರೆಯ ಮೇಲೆ ಸೊನ್ನೆಗಳ ಸಾಲಿನ ನಡುವೆ ಒಂದು ಅಂಕಿ ಮಾತ್ರ ಸೊನ್ನೆಯಾಗಿರಲಿಲ್ಲ. ತಪ್ಪು ನನ್ನದೇ. ಹುಡುಕಿ ತಿದ್ದಿದೆ.

“ಆಯ್ತಕ್ಕಾ, ಬೈಬೇಡ,” ಎಂದು ಖಾಲಿ ಕುರ್ಚಿಗೆ ಹೇಳಿದೆ.

ಆ ಮೂಲೆಯ ಥರ್ಮಾಮೀಟರು ಇವತ್ತಿಗೂ ಉಳಿದ ಕೋಣೆಯಷ್ಟೇ ಚಳಿ ತೋರಿಸುತ್ತದೆ. ನಾನು ಮಾತ್ರ ಅಲ್ಲಿ ಸ್ವೆಟರ್ ಬಿಚ್ಚಿಟ್ಟು ಕೂರುತ್ತೇನೆ.