ಅತ್ತಿಗೆ ಕೊಟ್ಟ ಉಸಿರು

"ಬೀರೇಶಾ! ಬಾಗಿಲು ತೆಗಿಯಪ್ಪಾ... ಬೀರೇಶಾ!"

ಸಿಂಧು ಭುಜದಿಂದ ಗುದ್ದಿದ ಮೂರನೇ ಏಟಿಗೆ ಬಚ್ಚಲುಮನೆಯ ಚಿಲಕ ಕಿತ್ತುಬಂತು. ಮೈದುನ ಬೀರೇಶ್ ಗೋಡೆಗೊರಗಿ ಕುಸಿದಿದ್ದ. ತುಟಿಯೆಲ್ಲ ನೀಲಿ! ಉಸಿರು ಇದೆಯೋ ಇಲ್ಲವೋ ಎಂಬಂತಿತ್ತು...

ಟೆಂಪೊ ಮಗುಚಿ ಬೆನ್ನಿಗೆ ಪೆಟ್ಟು ಬಿದ್ದ ಮೇಲೆ ನೋವಿನ ಮಾತ್ರೆಯಿಂದ ಶುರುವಾದ ಚಟ ಅವನನ್ನು ಮಾದಕ ಪುಡಿಯವರೆಗೆ ಎಳೆದೊಯ್ದಿತ್ತು. ನಲ್ಲೂರಿನಲ್ಲಿ ಎಲ್ಲರೂ ಮುಖ ತಿರುಗಿಸಿದಾಗ, ಅಂಗನವಾಡಿಯಲ್ಲಿ ಕೆಲಸಕ್ಕಿದ್ದ ಸಿಂಧು ಒಬ್ಬಳೇ ಅವನನ್ನು ಆಸ್ಪತ್ರೆಗೆ ಕರೆದೊಯ್ದು, ಬರುವ ಸೋಮವಾರ ಚಟ ಬಿಡಿಸುವ ಚಿಕಿತ್ಸೆಗೆ ಸೇರಿಸಲು ಗೊತ್ತುಮಾಡಿದ್ದಳು. ಅವನೂ ದಿನದಿನಕ್ಕೆ ಕಡಿಮೆ ಮಾಡುತ್ತ ಬಂದಿದ್ದ. ಆದರೆ ಈ ಬೆಳಿಗ್ಗೆ ದೇವನಹಳ್ಳಿ ಬಸ್ ನಿಲ್ದಾಣದ ಬಳಿ ಪೊಲೀಸರು ಅವನ ಜೇಬಿನಲ್ಲಿದ್ದ ಚಿಟಿಕೆ ಪುಡಿ ಕಿತ್ತುಕೊಂಡು, ಕೆನ್ನೆಗೆ ಬಾರಿಸಿ, ಹೆಸರು ಬರೆದುಕೊಂಡು ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಮೈ ನಡುಗಿ, ವಾಂತಿಯಾಗಿ, ತಡೆಯಲಾರದೆ ಗುರುತಿಲ್ಲದ ಯಾರಿಂದಲೋ ಬೇರೆ ಪುಡಿ ತಂದಿದ್ದ. ಅದು ಎಂಥದ್ದೋ, ಎಷ್ಟು ಜೋರಿನದೋ ಅವನಿಗೇನು ಗೊತ್ತು!

ಫೋನ್ ತೆಗೆದ ಸಿಂಧುವಿನ ಕೈಯನ್ನು ಅತ್ತೆ ಬೈರಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಕಣೇ! ಆಂಬುಲೆನ್ಸ್ ಹಿಂದೇನೇ ಪೊಲೀಸ್ನೋರು ಬರ್ತಾರೆ. ಇನ್ನೊಂದ್ಸಲ ಸಿಕ್ಕಿದ್ರೆ ಒಳಗಾಕ್ತೀವಿ ಅಂದವ್ರೆ. ನೀರು ಚಿಮುಕ್ಸು, ಎದ್ದೇಳ್ತಾನೆ."

"ಜೈಲಿಗೋದ್ರೆ ನೋಡ್ಕೊಂಡ್ ಬರ್ಬೋದು ಅತ್ತೆ... ಸ್ಮಶಾನಕ್ಕೋದ್ರೆ?"

"ಹೆರದೇ ಇರೋಳು ನೀನು! ಹೆತ್ತೋಳ ಸಂಕಟ ನಿಂಗೇನ್ ಗೊತ್ತು!"

ಐದು ವರ್ಷಗಳಿಂದ ಕೇಳುತ್ತ ಬಂದ ಮಾತು. ಸಿಂಧು ತುಟಿ ಕಚ್ಚಿ ಕೈ ಬಿಡಿಸಿಕೊಂಡಳು; 108ಕ್ಕೆ ಕರೆ ಮಾಡಿದಳು. ಆ ಕಡೆಯವರು ಹೇಳಿಕೊಟ್ಟಂತೆ ಅವನನ್ನು ಅಂಗಾತ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಊದತೊಡಗಿದಳು. ಗಾಡಿ ಬರುವವರೆಗೂ ನಿಲ್ಲಿಸಲಿಲ್ಲ. ಕಣ್ಣು ಕತ್ತಲೆ ಬಂದರೂ ನಿಲ್ಲಿಸಲಿಲ್ಲ! ಬೈರಮ್ಮ ಹೊಸ್ತಿಲಲ್ಲಿ ಕುಸಿದು ಅದನ್ನೇ ನೋಡುತ್ತಿದ್ದಳು.

ಸಂಜೆ ಆಸ್ಪತ್ರೆಯಲ್ಲಿ ಬೀರೇಶ್ ಕಣ್ಣುಬಿಟ್ಟ. ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಕೊಂಡಪ್ಪ ಪುಸ್ತಕ ಹಿಡಿದು ಬಂದ.

"ಗೊತ್ತಿದ್ದೂ ಇವನ್ನ ಮನೇಲಿ ಇಟ್ಕೊಂಡಿದ್ದು ಯಾರಮ್ಮಾ?"

ಕೆಲಸಕ್ಕೇ ಕುತ್ತು ಬರಬಹುದೆಂದು ಸಿಂಧುವಿಗೆ ತಿಳಿದಿತ್ತು. ಆದರೂ, "ನಾನೇ ಸಾರ್, ಬರ್ಕೊಳಿ" ಎಂದಳು.

"ಅವ್ಳದ್ದಲ್ಲ, ನನ್ ಹೆಸ್ರು ಬರ್ಕೊಳಿ!" ಬೈರಮ್ಮ ಸೊಸೆಯ ಮುಂದೆ ಬಂದು ನಿಂತಿದ್ದಳು. "ಚಿಟಿಕೆ ಪುಡಿ ಕಿತ್ಕೊಂಡ್ರಿ ಸಾಮಿ... ಅವನ ನಡುಕಾನೂ ಕಿತ್ಕೊಂಡ್ರಾ? ಸೋಮವಾರ ಆಸ್ಪತ್ರೆಗೆ ಸೇರೋನಿದ್ದ. ನಿಮ್ ಹೆದ್ರಿಕೆಗೆ ಹೆತ್ತ ಮಗನ್ನ ನಾನೇ ಸಾಯೋಕ್ ಬಿಡ್ತಿದ್ನಲ್ಲಪ್ಪಾ...!"

ಕೊಂಡಪ್ಪನ ಪೆನ್ನು ನಿಂತಿತು. ಮಂಚದ ಮೇಲಿದ್ದವನ ಊದಿದ ಕೆನ್ನೆಯನ್ನು ಒಮ್ಮೆ ನೋಡಿದ. "ಸೋಮವಾರ ತಪ್ಪಿಸ್ಬೇಡಿ ತಾಯಿ" ಎಂದಷ್ಟೇ ಹೇಳಿ, ಪುಸ್ತಕ ಮುಚ್ಚಿಕೊಂಡು ಹೊರಟುಹೋದ.

ಬೈರಮ್ಮ ಕ್ಯಾಂಟೀನಿನಿಂದ ಇಡ್ಲಿ ತಂದಳು. ಸೊಸೆಯ ಕೈಗೆ ಕೊಡಲಿಲ್ಲ. ತಾನೇ ಮುರಿದು ಬಾಯಿಗಿಟ್ಟಳು.

"ತಿನ್ನು ನನ್ ಮಗಳೇ..."

ಬೆಳಗಿನಿಂದ ಒಂದು ಹನಿಯನ್ನೂ ಜಾರಗೊಡದ ಸಿಂಧುವಿನ ಕಣ್ಣು ಆಗ ತುಂಬಿ ಹರಿಯಿತು.